ಮಾತಿನ ಕೊಳಗ

(ಗಿರಣಿ ಕೆಲಸಗಾರರು ಮತ್ತು ಚಿಲ್ಲರೆ ವ್ಯಾಪಾರಿಗಳಿಗಾಗಿ ನಡೆದ ರವಿವಾರದ ಅಭ್ಯಾಸ ವರ್ಗದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ಅಲಂಕಾರ. ಬೋನಸ್ಸು, ತುಟ್ಟಿಭತ್ಯೆ, ಉದ್ರಿ ಬಾಕಿ ಇವುಗಳ ನಡುವೆ ಈ ಉಪಮೆ ರೂಪಕಗಳ ಮಾತು ಎಲ್ಲಿಂದ ಬಂತು, ಇದು ಹೊಟ್ಟೆ ತುಂಬಿದವರ ಚರ್ಚೆಯಲ್ಲವೇ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬೇಕು. ಅನ್ನಿಸಿದರೆ ತಪ್ಪಿಲ್ಲ. ಶಾಲೆಯಲ್ಲಿ ನಮಗೆ ಅಲಂಕಾರವನ್ನು ಕಲಿಸುವ ರೀತಿಯೇ ಹಾಗಿದೆ. ಲಕ್ಷಣ ಬರೆ, ಉದಾಹರಣೆ ಕೊಡು, ಸಮನ್ವಯ ಮಾಡು, ಅಂಕ ತೆಗೆದುಕೋ. ಪರೀಕ್ಷೆ ಮುಗಿದ ಮೇಲೆ ಅದನ್ನು ಪಾಟಿಯೊಡನೆ ಅಟ್ಟಕ್ಕೆ ಹಾಕುತ್ತೇವೆ.

ಆದರೆ ಗಿರಣಿಯ ಬಾಗಿಲಲ್ಲಿ ಅಂಟಿಸುವ ನೋಟೀಸು, ಚುನಾವಣೆಯ ವೇದಿಕೆಯ ಭಾಷಣ, ಸಾಲ ಕೊಡುತ್ತೇವೆ ಬನ್ನಿ ಎನ್ನುವ ಜಾಹೀರಾತು, ದಿನಪತ್ರಿಕೆಯ ತಲೆಬರಹ ಇವೆಲ್ಲ ಅಲಂಕಾರದಿಂದಲೇ ಕೆಲಸ ಮಾಡುತ್ತವೆ. ಕವಿಗಳು ಅಲಂಕಾರವನ್ನು ಹೇಳಿಕೊಂಡು ಬಳಸುತ್ತಾರೆ. ಇವರು ಹೇಳದೆ ಬಳಸುತ್ತಾರೆ. ಇಷ್ಟೇ ಭೇದ. ನಮ್ಮ ನೇಕಾರ ಬಂಧುಗಳು ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ಹಾಸೆಷ್ಟು ಹೊಕ್ಕೆಷ್ಟು ಹೇಳಬಲ್ಲರು. ನಮ್ಮ ದಿನಸಿ ಅಂಗಡಿಯವರು ಬೇಳೆಯನ್ನು ಅಂಗೈಯಲ್ಲಿ ಹಿಡಿದು ಅದರ ವರ್ಷ ಹೇಳಬಲ್ಲರು. ಅದೇ ಪರೀಕ್ಷೆಯನ್ನು ಮಾತಿಗೂ ಮಾಡುವುದು ಹೇಗೆ ಎಂಬುದೇ ಇವತ್ತಿನ ಪಾಠ.

ಅಲಂಕಾರ ಪಂಡಿತರ ಸ್ವತ್ತಲ್ಲ ಎಂಬುದನ್ನು ಮೊದಲು ತಿಳಿಯೋಣ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದು ‘ಕವಿರಾಜಮಾರ್ಗ’. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಬರೆದದ್ದು. ಅದು ಕಥೆಯ ಪುಸ್ತಕವಲ್ಲ, ಅಲಂಕಾರದ ಪುಸ್ತಕ. ಸಂಸ್ಕೃತದ ದಂಡಿಯ ‘ಕಾವ್ಯಾದರ್ಶ’ದ ಜಾಡು ಹಿಡಿದು ಹೊರಟದ್ದು. ಅರಮನೆಯ ನೆರಳಲ್ಲಿ ಹುಟ್ಟಿದ ಆ ಪುಸ್ತಕವೂ ಈ ನಾಡಿನ ಜನ ಓದದೆಯೇ ಕಾವ್ಯದ ಬಗೆಯನ್ನು ಬಲ್ಲವರು ಎಂಬ ಅರ್ಥದ ಮಾತನ್ನು ಹೇಳಿದೆ. ಸಾವಿರ ವರ್ಷಕ್ಕೂ ಹಿಂದಿನ ಈ ಸಾಕ್ಷಿ ಸಾಲದೆ?

ಸಾಲದಿದ್ದರೆ ಪೇಟೆ ಬೀದಿಗೆ ಬನ್ನಿ. ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆಯನ್ನು ನೋಡದವರು ಯಾರು? ನಾಳೆ ಬಂದರೂ ಹಲಗೆ ಅದನ್ನೇ ಹೇಳುತ್ತದೆ. ‘ಉದ್ರಿ ಕೊಡುವುದಿಲ್ಲ’ ಎಂದು ಬರೆದಿದ್ದರೆ ಗಿರಾಕಿಗೆ ಮುಖಕ್ಕೆ ಹೊಡೆದಂತಾಗುತ್ತಿತ್ತು. ಈಗ ಅವನು ನಗುತ್ತಾನೆ, ಅರ್ಥ ಮಾಡಿಕೊಳ್ಳುತ್ತಾನೆ, ಸಿಟ್ಟಾಗುವುದಿಲ್ಲ. ಶಾಸ್ತ್ರಕಾರರು ಇದಕ್ಕೆ ವ್ಯಂಗ್ಯ ಎನ್ನುತ್ತಾರೆ. ಅಂಗಡಿಯವನು ಶಾಸ್ತ್ರ ಓದಿಲ್ಲ, ಆದರೆ ಮಾತಿನ ಪರಿಣಾಮ ಬಲ್ಲ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಕಟ್ಟಿದವನೂ ಹಾಗೆಯೇ. ದುಡಿಮೆ ಎಷ್ಟು ನಿಧಾನ, ನಾಶ ಎಷ್ಟು ಬೇಗ ಎಂಬುದನ್ನು ನಾಲ್ಕೇ ಮಾತಿನಲ್ಲಿ ಎದುರುಬದುರು ನಿಲ್ಲಿಸಿದ್ದಾನೆ.

ಈಗ ಒಂದೊಂದಾಗಿ ನೋಡೋಣ.

ಮೊದಲನೆಯದು ಉಪಮೆ. ಉಪಮೆಗೆ ನಾಲ್ಕು ಅಂಗ: ಯಾವುದನ್ನು ಹೋಲಿಸುತ್ತೇವೋ ಅದು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ, ‘ಅಂತೆ’, ‘ಹಾಗೆ’ ಎಂಬುದು ವಾಚಕ, ಎರಡಕ್ಕೂ ಸಮಾನವಾದ ಗುಣ ಸಮಾನಧರ್ಮ. ‘ಈ ಗಿರಣಿ ನಮಗೆ ತಾಯಿಯಂತೆ’ ಎಂದು ಒಬ್ಬ ಭಾಷಣಕಾರ ಹೇಳಿದನೆನ್ನಿ. ಸಭಿಕರ ಎದೆ ಕರಗುತ್ತದೆ. ತಾಯಿ ಎಂಬ ಶಬ್ದದೊಡನೆ ನಮ್ಮ ಬಾಲ್ಯ, ಅನ್ನ, ಮಡಿಲು ಎಲ್ಲ ಬಂದುಬಿಡುತ್ತವೆ. ಉಪಮೆಯ ಪರಿಣಾಮ ಇದೇ. ಕಾಣದ್ದನ್ನು ಕಾಣಿಸುತ್ತದೆ, ಗೊತ್ತಿಲ್ಲದ್ದನ್ನು ಗೊತ್ತಿರುವುದರ ಪಕ್ಕ ಕೂರಿಸುತ್ತದೆ, ಒಂದರ ಮೇಲಿನ ಪ್ರೀತಿಯನ್ನು ಇನ್ನೊಂದರ ಮೇಲೆ ಸುರಿಯುತ್ತದೆ. ಆಗ ನಾವು ಕೇಳತಕ್ಕ ಪ್ರಶ್ನೆ ಒಂದೇ: ಸಮಾನಧರ್ಮ ಎಲ್ಲಿ? ತಾಯಿ ಮಗುವಿನ ಮೈ ಬಿಸಿಯಾದ ದಿನ ಅನ್ನ ಕಡಿತ ಮಾಡುತ್ತಾಳೆಯೇ? ತಾಯಿ ಐವತ್ತೆಂಟಕ್ಕೆ ಮಗನನ್ನು ಹೊರಗೆ ಕಳಿಸುತ್ತಾಳೆಯೇ? ಗಿರಣಿ ಅನ್ನ ಕೊಡುತ್ತದೆ, ನಿಜ. ಆದರೆ ದುಡಿಸಿಕೊಂಡು ಕೊಡುತ್ತದೆ. ಆ ಗುಣ ತಾಯಿಯದಲ್ಲ, ಕರಾರಿನದು. ಕರಾರೆಂದು ತಿಳಿದರೆ ಕರಾರಿನ ಮಾತಾಡಬಹುದು. ತಾಯಿ ಎಂದುಬಿಟ್ಟರೆ ಕೂಲಿ ಕೇಳಿದವನು ಕೃತಘ್ನನಾಗುತ್ತಾನೆ.

ಎರಡನೆಯದು ರೂಪಕ. ಉಪಮೆಯಲ್ಲಿ ‘ಅಂತೆ’ ಎಂಬ ಒಂದು ಹೊಸ್ತಿಲು ಇರುತ್ತದೆ. ಓದುಗ ಅಲ್ಲಿ ನಿಂತು, ಇದು ಅದಲ್ಲ, ಅದರ ಹಾಗೆ ಅಷ್ಟೇ ಎಂದು ನೆನೆಯಬಹುದು. ರೂಪಕ ಆ ಹೊಸ್ತಿಲನ್ನು ಕಿತ್ತುಹಾಕುತ್ತದೆ. ಇದೇ ಅದು ಎಂದುಬಿಡುತ್ತದೆ. ಗದುಗಿನ ಕುಮಾರವ್ಯಾಸನಿಗೆ ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂಬ ಬಿರುದು ಸಲ್ಲುವುದು ಈ ಶಕ್ತಿಯಿಂದ. ಆತನ ಭಾರತವನ್ನು ಗಮಕಿಗಳು ಓದುವಾಗ ಅಕ್ಷರ ಬಾರದ ಹಳ್ಳಿಗರೂ ಯುದ್ಧವನ್ನು ಕಣ್ಣಾರೆ ಕಂಡಂತೆ ಕೂರುತ್ತಿದ್ದರು. ರೂಪಕ ವಾದ ಮಾಡುವುದಿಲ್ಲ, ತೋರಿಸುತ್ತದೆ. ವಾದವನ್ನು ಎದುರಿಸುವುದು ಸುಲಭ. ಕಣ್ಣಿಗೆ ಕಟ್ಟಿದ್ದನ್ನು ಎದುರಿಸುವುದು ಕಷ್ಟ.

ಒಂದು ಊರಿನ ಹೆಸರನ್ನೇ ನೋಡಿ. ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಹುಕಾಲ ನಡೆಯಿತು. ಅದೂ ಒಂದು ರೂಪಕವೇ. ಆ ಹೆಸರು ಕೇಳಿದೊಡನೆ ಎತ್ತರದ ಚಿಮಣಿ, ಓಡುವ ಮಗ್ಗ, ಬೇಲುಬೇಲಾಗಿ ಹೊರಡುವ ಬಟ್ಟೆ ಕಣ್ಣಿಗೆ ಬರುತ್ತವೆ. ಆದರೆ ಇಂಗ್ಲೆಂಡಿನ ಆ ಮ್ಯಾಂಚೆಸ್ಟರಿನಲ್ಲಿ ಇನ್ನೊಂದು ಮುಖವೂ ಇತ್ತು. ಅಲ್ಲಿನ ಕೆಲಸಗಾರರ ಕೇರಿಗಳಲ್ಲಿ ಓಡಾಡಿದ ಎಂಗೆಲ್ಸ್ ತಾನು ಕಂಡದ್ದನ್ನು 1845ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಕೊಳೆತ ಓಣಿ, ಒಂದೇ ಕೋಣೆಯಲ್ಲಿ ಸಂಸಾರಗಳು, ರೋಗದಲ್ಲಿ ಸಾಯುವ ಮಕ್ಕಳು ಎಲ್ಲ ಅದರಲ್ಲಿವೆ. ಹತ್ತಿಯ ಧೂಳು ವರ್ಷಾನುಗಟ್ಟಲೆ ಎದೆಗೆ ಇಳಿದು ಉಸಿರು ಕಟ್ಟುವ ರೋಗಕ್ಕೆ ವೈದ್ಯಶಾಸ್ತ್ರ ‘ಬಿಸಿನೋಸಿಸ್’ ಎಂದು ಹೆಸರಿಟ್ಟಿದೆ. ಊರಿಗೆ ಬಿರುದು ಕೊಟ್ಟವರು ಚಿಮಣಿಯನ್ನು ಹೋಲಿಸಿದರು, ಎದೆಯನ್ನು ಹೋಲಿಸಲಿಲ್ಲ. ಮುಂದೆ ಆ ಗಿರಣಿಗಳು ಒಂದರ ಹಿಂದೊಂದು ಮುಚ್ಚಿದಾಗ ಆ ಬಿರುದಿನಿಂದ ಯಾರ ಮನೆಯ ಒಲೆಯೂ ಉರಿಯಲಿಲ್ಲ. ರೂಪಕದ ಸ್ವಭಾವವೇ ಹೀಗೆ. ಒಂದು ಮುಖಕ್ಕೆ ದೀಪ ಹಿಡಿಯುತ್ತದೆ, ಇನ್ನೊಂದು ಮುಖ ಆ ದೀಪದ ನೆರಳಿಗೇ ಬೀಳುತ್ತದೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಥಿಬೋಡೊ ಮತ್ತು ಬೊರೊಡಿಟ್‌ಸ್ಕಿ ಎಂಬಿಬ್ಬರು 2011ರಲ್ಲಿ ತಮ್ಮ ಪ್ರಯೋಗವನ್ನು ಪ್ರಕಟಿಸಿದರು. ಒಂದು ಕಲ್ಪಿತ ಊರಿನಲ್ಲಿ ಅಪರಾಧ ಹೆಚ್ಚುತ್ತಿದೆ ಎಂಬ ಬರಹವನ್ನು ಓದುಗರಿಗೆ ಕೊಟ್ಟರು. ಅಂಕಿಗಳು ಎಲ್ಲರಿಗೂ ಒಂದೇ. ಆದರೆ ಕೆಲವರ ಪ್ರತಿಯಲ್ಲಿ ಅಪರಾಧವನ್ನು ಕಾಡುಮೃಗವೆಂದೂ ಕೆಲವರ ಪ್ರತಿಯಲ್ಲಿ ರೋಗಾಣುವೆಂದೂ ಬರೆದಿದ್ದರು. ಮೃಗವೆಂದು ಓದಿದವರು ಹಿಡಿಯಿರಿ, ಜೈಲಿಗೆ ಹಾಕಿ ಎಂಬ ಕಡೆಗೆ ಹೆಚ್ಚು ವಾಲಿದರು. ರೋಗಾಣು ಎಂದು ಓದಿದವರು ಮೂಲ ಹುಡುಕಿ, ಬಡತನ ನೋಡಿ ಎಂಬ ಕಡೆಗೆ ವಾಲಿದರು. ಯಾವುದನ್ನು ನೋಡಿ ಈ ತೀರ್ಮಾನಕ್ಕೆ ಬಂದಿರಿ ಎಂದರೆ ಬಹುಮಂದಿ ಅಂಕಿಗಳ ಕಡೆ ಬೆರಳು ತೋರಿಸಿದರು. ಒಂದು ಶಬ್ದ ತಮ್ಮನ್ನು ಎಳೆಯಿತೆಂಬುದು ಅವರ ಅರಿವಿಗೇ ಬಂದಿರಲಿಲ್ಲ. ಎಲ್ಲರೂ ಇದನ್ನು ಒಪ್ಪಿದ್ದಾರೆಂದು ಹೇಳುವುದು ನ್ಯಾಯವಲ್ಲ. 2014ರಲ್ಲಿ ಹಾಲೆಂಡಿನ ಸಂಶೋಧಕರು ಇಂಥದೇ ಪ್ರಯೋಗ ಮಾಡಿದಾಗ ಆ ಪರಿಣಾಮ ಕಾಣಲಿಲ್ಲ, ವಾದ ಮುಂದುವರಿಯಿತು. ರೂಪಕ ಮಂತ್ರವಲ್ಲ, ಎಲ್ಲರ ಮೇಲೂ ಒಂದೇ ಬಗೆಯಾಗಿ ನಡೆಯುವುದಿಲ್ಲ. ಆದರೆ ನಡೆದಾಗ ಸದ್ದಿಲ್ಲದೆ ನಡೆಯುತ್ತದೆ ಎಂಬಷ್ಟು ಎಚ್ಚರ ನಮಗಿರಬೇಕು.

ಹಾಗಾದರೆ ರೂಪಕ ಉಳ್ಳವರ ಕೈಯ ಆಯುಧವೇ? ಖಂಡಿತ ಅಲ್ಲ. 12ನೆಯ ಶತಮಾನದ ಕಲ್ಯಾಣವನ್ನು ನೆನೆಯಿರಿ. ಬಸವಣ್ಣನವರು ಮನುಷ್ಯನ ಒಡಲನ್ನೇ ಗುಡಿಯಾಗಿ ಕಂಡರು. ಕಾಲು, ತಲೆ ಇವುಗಳೇ ಆ ಗುಡಿಯ ಭಾಗಗಳಾದವು. ಆ ಒಂದು ರೂಪಕದಿಂದ ಏನಾಯಿತು ನೋಡಿ. ಕಲ್ಲು ತರಿಸಿ ಗುಡಿ ಕಟ್ಟಿಸುವಷ್ಟು ಹಣವಿಲ್ಲದ ಬಡವ ಉಳ್ಳವನಿಗೆ ಸಮನಾಗಿ ನಿಂತ. ನೂರು ಪುಟದ ವಾದ ಮಾಡದ ಕೆಲಸವನ್ನು ಒಂದು ಹೋಲಿಕೆ ಮಾಡಿತು. ಜೇಡರ ದಾಸಿಮಯ್ಯ ನೇಯುವವನು, ಅಂಬಿಗರ ಚೌಡಯ್ಯ ದೋಣಿ ನಡೆಸುವವನು, ಮಡಿವಾಳ ಮಾಚಯ್ಯ ಬಟ್ಟೆ ಒಗೆಯುವವನು, ನುಲಿಯ ಚಂದಯ್ಯ ಹಗ್ಗ ಹೊಸೆಯುವವನು. ದುಡಿಯುವ ಜನ ತಮ್ಮ ಕಸುಬಿನ ಹೆಸರನ್ನೇ ಹೊತ್ತು, ಕಸುಬಿನ ಮಾತನ್ನೇ ಹಿಡಿದು ಧರ್ಮದ ವಿಚಾರ ಆಡಿದರು. ಹೋಲಿಕೆ ನಮ್ಮ ಕೈ ಮುಟ್ಟಿದ ವಸ್ತುವಿನಿಂದ ಬಂದಾಗ ಅದು ನಮ್ಮದಾಗುತ್ತದೆ. ನಮಗದು ಸುಲಭವಾಗಿ ಮೋಸ ಮಾಡಲಾರದು.

ಆದರೆ ಒಳ್ಳೆಯ ಮಾತನ್ನೂ ಅರ್ಧ ಕತ್ತರಿಸಿ ಮಾರುವವರುಂಟು. ಕಾಯಕವನ್ನು ಕೈಲಾಸಕ್ಕೆ ಸಮನೆಂದ ಶರಣರ ಮಾತು ಎಷ್ಟೋ ಕಚೇರಿಗಳ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿದೆ. ಗೋಡೆಯ ಮೇಲೆ ಅದರ ಅರ್ಥ, ಸುಮ್ಮನೆ ದುಡಿ, ಕೂಲಿ ಕೇಳಬೇಡ ಎಂದಾಗಿಬಿಡುತ್ತದೆ. ಅದೇ ಶರಣರ ಬಳಗದಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಳು. ಗಂಡ ಮಾರಯ್ಯ ಆ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಈ ಆಸೆ ನಮಗೇಕೆ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದವಳು. ಕಾಯಕದ ಜೊತೆಗೆ ದಾಸೋಹ, ದುಡಿಮೆಯ ಜೊತೆಗೆ ಹಂಚಿಕೆ ಎಂಬುದು ಪೂರ್ತಿ ಮಾತು. ಗೋಡೆಯ ಚೌಕಟ್ಟಿನಲ್ಲಿ ಲಕ್ಕಮ್ಮನಿಗೂ ಜಾಗ ಕೊಡಿ ಎಂದು ಕೇಳುವ ಹಕ್ಕು ನಮಗುಂಟು. ರೈತನನ್ನು ‘ಅನ್ನದಾತ’ ಎಂದು ಹೊಗಳಿ ಬೆಳೆಯ ಬೆಲೆಯ ಮಾತು ಬಂದಾಗ ಬಾಯಿ ಮುಚ್ಚುವವರಿಗೂ ಇದೇ ಪರೀಕ್ಷೆ ಸಲ್ಲುತ್ತದೆ.

ಮೂರನೆಯದು ಲಕ್ಷಣೆ. ಶಬ್ದಕ್ಕೆ ಮೂರು ಶಕ್ತಿಗಳೆಂದು ನಮ್ಮ ಹಿರಿಯರು ಎಣಿಸಿದರು. ನೇರ ಅರ್ಥ ಕೊಡುವುದು ಅಭಿಧೆ, ಸಂಬಂಧದಿಂದ ಬೇರೆ ಅರ್ಥ ಕೊಡುವುದು ಲಕ್ಷಣೆ, ಹೇಳದೆ ಹೊಳೆಯಿಸುವುದು ವ್ಯಂಜನೆ. ‘ಇಡೀ ಗಿರಣಿ ಬೀದಿಗೆ ಬಂತು’ ಎಂದರೆ ಕಟ್ಟಡ ಬರಲಿಲ್ಲ, ಜನ ಬಂದರು. ಅದು ಲಕ್ಷಣೆ. ಇಂಗ್ಲೆಂಡಿನ ಗಿರಣಿಗಳಲ್ಲಿ ಕೆಲಸಗಾರರನ್ನು ‘ಕೈಗಳು’ ಎಂದು ಕರೆಯುವ ರೂಢಿಯಿತ್ತು. ಇಷ್ಟು ಕೈ ಬೇಕು, ಇಷ್ಟು ಕೈ ಹೆಚ್ಚಾಯಿತು ಎಂದು ಲೆಕ್ಕ. 1854ರಲ್ಲಿ ಬಂದ ‘ಹಾರ್ಡ್ ಟೈಮ್ಸ್’ ಕಾದಂಬರಿಯಲ್ಲಿ ಡಿಕನ್ಸ್ ಈ ರೂಢಿಯನ್ನೇ ಹಿಡಿದು ಚುಚ್ಚಿದ. ಕೈ ಎಂದೊಡನೆ ಹೊಟ್ಟೆ ಮಾಯ, ತಲೆ ಮಾಯ, ಮನೆಯಲ್ಲಿ ಕಾಯುವ ಹೆಂಡತಿ ಮಕ್ಕಳು ಮಾಯ. ನಮ್ಮ ದೇಶದ ಬಟ್ಟೆಯ ಗಿರಣಿಗಳಲ್ಲಿ ‘ಬದಲಿ’ ಎಂಬ ಶಬ್ದ ಇದೇ ಕೆಲಸ ಮಾಡಿತು. ಯಾರೋ ಬಾರದ ದಿನ ಅವರ ಜಾಗದಲ್ಲಿ ನಿಲ್ಲುವವನು ಬದಲಿ. ವರ್ಷಗಟ್ಟಲೆ ಹಾಗೆಯೇ ನಿಂತರೂ ಬದಲಿ. ಹೆಸರಿಲ್ಲದವನ ಹಕ್ಕನ್ನು ಮರೆಯುವುದು ಸುಲಭ. ಯಾವ ಬರಹದಲ್ಲಾದರೂ ಮನುಷ್ಯನ ಬದಲು ಅವನ ಒಂದು ಅಂಗವೋ ಒಂದು ನಂಬರೋ ಕಂಡರೆ, ಉಳಿದ ಮನುಷ್ಯ ಎಲ್ಲಿ ಹೋದ ಎಂದು ಕೇಳತಕ್ಕದ್ದು.

ನಾಲ್ಕನೆಯದು ಜಡಕ್ಕೆ ಜೀವ ಕೊಡುವುದು. ‘ಬೆಲೆ ಏರಿತು’, ‘ಪೇಟೆ ಬಿತ್ತು’, ‘ಎಣ್ಣೆ ಜಿಗಿಯಿತು’ ಎನ್ನುತ್ತೇವೆ. ಬೆಲೆಗೆ ಕಾಲಿಲ್ಲ, ಅದು ಏಣಿ ಹತ್ತುವುದಿಲ್ಲ. ಮಳೆ ಹೋಗಿ ಬೆಳೆ ಕೈಕೊಟ್ಟಿರಬಹುದು, ದೊಡ್ಡ ಗೋದಾಮಿನವನು ಮೂಟೆ ಕೂಡಿಟ್ಟಿರಬಹುದು, ಸರ್ಕಾರ ತೆರಿಗೆ ಹಾಕಿರಬಹುದು. ಎಲ್ಲವನ್ನೂ ‘ಏರಿತು’ ಎಂಬ ಒಂದು ಕ್ರಿಯಾಪದ ನುಂಗಿಬಿಡುತ್ತದೆ. ಬೈಗುಳ ತಿನ್ನುವವರು ಮಾತ್ರ ಕೊನೆಯಲ್ಲಿ ಕೂತ ಚಿಲ್ಲರೆ ಅಂಗಡಿಯವರು, ಏಕೆಂದರೆ ಗಿರಾಕಿಯ ಕಣ್ಣಿಗೆ ಕಾಣುವ ಮುಖ ಅವರದೊಂದೇ.

ಇದೇ ಉಪಾಯವನ್ನು ಬಡವರ ಪರವಾಗಿ ಬಳಸಿದ ದೊಡ್ಡ ಉದಾಹರಣೆ ನಮ್ಮಲ್ಲಿದೆ. 16ನೆಯ ಶತಮಾನದ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ಜಗಳ. ಯಾರು ಮೇಲು ಎಂಬ ವಾದ ರಾಮನ ಮುಂದೆ ಬರುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿದು ಗೆಲ್ಲುತ್ತದೆ. ಉಳ್ಳವರ ಅನ್ನಕ್ಕಿಂತ ಬಡವರ ಮುದ್ದೆ ಕೀಳಲ್ಲ ಎಂಬ ಮಾತನ್ನು ಆ ಕಾಲದಲ್ಲಿ ನೇರ ಆಡಿದ್ದರೆ ಯಾರು ಕೂತು ಕೇಳುತ್ತಿದ್ದರು? ಕಾಳುಗಳ ಬಾಯಲ್ಲಿ ಆಡಿಸಿದ್ದರಿಂದ ಎಲ್ಲರೂ ಕೇಳಿದರು. ಕೇಳಿ ಮುಗಿಯುವ ಹೊತ್ತಿಗೆ ತೀರ್ಪು ಕೇಳುವವನ ಮನಸ್ಸಿನಲ್ಲಿಯೇ ಹುಟ್ಟಿತ್ತು. ನೇರ ಹೇಳಿದರೆ ಬಾಗಿಲು ಹಾಕಿಕೊಳ್ಳುವ ಮನಸ್ಸಿಗೆ ಕಥೆ ಹಿತ್ತಿಲಿನಿಂದ ಹೋಗುತ್ತದೆ.

ಐದನೆಯದು ಮೆತ್ತನೆಯ ಮಾತು. ಕಹಿ ಮಾತ್ರೆಗೆ ಬೆಲ್ಲ ಸವರುವುದು. ಮನೆಯಲ್ಲಿ ಸಾವಾದಾಗ ‘ತೀರಿಕೊಂಡರು’ ಎನ್ನುತ್ತೇವೆ. ಅದು ದಾಕ್ಷಿಣ್ಯ. ಆದರೆ ಕೆಲಸದಿಂದ ತೆಗೆದುಹಾಕುವುದನ್ನು ‘ಪುನರ್ವ್ಯವಸ್ಥೆ’ ಎಂದೂ, ಕೂಲಿಯಿಲ್ಲದ ದಿನಗಳನ್ನು ‘ವಿಶ್ರಾಂತಿ’ ಎಂದೂ ಬರೆದರೆ ಅದು ದಾಕ್ಷಿಣ್ಯವಲ್ಲ, ಲೆಕ್ಕಾಚಾರ. 1947ರ ಕೈಗಾರಿಕಾ ವಿವಾದ ಕಾಯಿದೆಗೆ 1953ರಲ್ಲಿ ಸೇರಿಸಿದ ಭಾಗದಲ್ಲಿ ‘ಲೇ ಆಫ್’ ಎಂಬುದಕ್ಕೂ ‘ರಿಟ್ರೆಂಚ್‌ಮೆಂಟ್’ ಎಂಬುದಕ್ಕೂ ಬೇರೆ ಬೇರೆ ಅರ್ಥ ಕೊಟ್ಟರು. ಕಲ್ಲಿದ್ದಲು, ವಿದ್ಯುತ್ತು, ಕಚ್ಚಾಮಾಲು ಇಲ್ಲದೆ ಕೆಲಸ ಕೊಡಲಾಗದಿದ್ದರೆ ಮೊದಲನೆಯದು. ಅದಕ್ಕೆ ಮೂಲ ಕೂಲಿ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರವೆಂದು ಆ ಭಾಗ ಹೇಳಿತು. ಕೆಲಸದಿಂದಲೇ ತೆಗೆದರೆ ಎರಡನೆಯದು. ಅದಕ್ಕೆ ಒಂದು ತಿಂಗಳ ನೋಟೀಸು, ಪೂರ್ತಿಯಾದ ಪ್ರತಿ ವರ್ಷದ ನೌಕರಿಗೆ ಹದಿನೈದು ದಿನದ ಸರಾಸರಿ ಕೂಲಿ. ಒಂದು ಶಬ್ದ ಆ ಕಡೆ ಈ ಕಡೆ ಆದರೆ ಒಂದು ಸಂಸಾರದ ಅನ್ನ ಆ ಕಡೆ ಈ ಕಡೆ ಆಗುತ್ತದೆ. ನೋಟೀಸಿನಲ್ಲಿ ‘ವಿಶ್ರಾಂತಿ’ ಎಂದಿದ್ದರೆ, ಸ್ವಾಮಿ, ಇದು ಕಾಯಿದೆಯ ಯಾವ ಶಬ್ದ ಎಂದು ಕೇಳಬೇಕಾದುದು ಇದಕ್ಕಾಗಿ.

ಮೆತ್ತನೆಯ ಮಾತಿಗೆ ಒಬ್ಬ ಅಣ್ಣನಿದ್ದಾನೆ, ಅವನೇ ಕರ್ಮಣಿ ಪ್ರಯೋಗ. ‘ಭತ್ಯೆ ಕಡಿತ ಮಾಡಲಾಗಿದೆ’, ‘ಅರ್ಜಿ ತಿರಸ್ಕರಿಸಲಾಗಿದೆ’. ಮಾಡಿದವರು ಯಾರು? ವಾಕ್ಯದಲ್ಲಿ ಕರ್ತೃವೇ ಇಲ್ಲ. ನಮ್ಮ ಮನೆಯಲ್ಲಿ ಯಾರೂ ‘ಅನ್ನ ಬಡಿಸಲಾಗಿದೆ’ ಎನ್ನುವುದಿಲ್ಲ, ‘ಅವ್ವ ಬಡಿಸಿದಳು’ ಎನ್ನುತ್ತೇವೆ. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1946ರಲ್ಲಿ ರಾಜಕೀಯ ಮತ್ತು ಭಾಷೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಸವೆದ ರೂಪಕ, ಕರ್ತೃವಿಲ್ಲದ ವಾಕ್ಯ, ಮಂಜು ಕವಿದ ಶಬ್ದ ಇವು ಹೇಗೆ ಕ್ರೂರ ಕೆಲಸಕ್ಕೆ ಮುಸುಕು ಹಾಕುತ್ತವೆಂದು ತೋರಿಸಿದ. ಅವನೂ ಸಮಾಜವಾದಿಯೇ, ತನ್ನ ಪಕ್ಷದವರ ಬರಹವನ್ನೂ ಬಿಡಲಿಲ್ಲ.

ಆರನೆಯದು ಪ್ರಾಸ ಮತ್ತು ಪುನರುಕ್ತಿ. ಪ್ರಾಸವಿದ್ದ ಮಾತು ಬೇಗ ಬಾಯಿಗೆ ಬರುತ್ತದೆ, ಬಹುಕಾಲ ನಿಲ್ಲುತ್ತದೆ. ಅಕ್ಷರ ಬಾರದ ಕಾಲದಲ್ಲಿ ಸರ್ವಜ್ಞನ ತ್ರಿಪದಿಗಳು ಊರಿಂದೂರಿಗೆ ನಡೆದದ್ದು ಹೀಗೆ. ಆದರೆ ಕಿವಿಗೆ ಇಂಪಾದುದು ಬುದ್ಧಿಗೂ ನಿಜವೆನ್ನಿಸುವ ಅಪಾಯವಿದೆ. ಅಮೆರಿಕದ ಮ್ಯಾಕ್‌ಗ್ಲೋನ್ ಮತ್ತು ಅವರ ಸಹೋದ್ಯೋಗಿ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪ್ರಾಸವಿದ್ದ ನುಡಿಗಳನ್ನು ಓದುಗರು ಅದೇ ಅರ್ಥದ ಪ್ರಾಸವಿಲ್ಲದ ನುಡಿಗಳಿಗಿಂತ ಹೆಚ್ಚು ನಿಜವೆಂದು ಎಣಿಸಿದರು. ನಾದ ಬೇರೆ, ಅರ್ಥ ಬೇರೆ, ಎಚ್ಚರವಾಗಿ ನೋಡಿ ಎಂದು ಮೊದಲೇ ಹೇಳಿದಾಗ ಆ ಮೋಹ ತಗ್ಗಿತು. ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಎಚ್ಚರಿಸಿದರೆ ತಗ್ಗುತ್ತದೆ ಎಂಬುದರಿಂದಲೇ ಇಂಥ ವರ್ಗಗಳಿಗೆ ಬೆಲೆ. ಪುನರುಕ್ತಿಯೂ ಹಾಗೆಯೇ. ಒಂದೇ ಹೇಳಿಕೆಯನ್ನು ಮತ್ತೆ ಮತ್ತೆ ಕೇಳಿದವರು ಅದನ್ನು ಹೆಚ್ಚು ನಿಜವೆಂದು ನಂಬುತ್ತಾರೆಂದು 1977ರ ಒಂದು ಪ್ರಯೋಗ ತೋರಿಸಿತು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಅಜ್ಜನ ಕಾಲದಿಂದ ಕೇಳಿದ್ದೇವೆ. ಮನೆಯ ಖರ್ಚಿಗೆ ಅದು ಒಳ್ಳೆಯ ಬುದ್ಧಿ. ಕೂಲಿ ಹೆಚ್ಚಿಸಿ ಎಂದಾಗ ಅದನ್ನೇ ಹೇಳಿದರೆ, ಹಾಸಿಗೆಯನ್ನು ಇಷ್ಟಕ್ಕೇ ಕತ್ತರಿಸಿದವರು ಯಾರು ಎಂದು ಕೇಳಬೇಕಾಗುತ್ತದೆ.

ಏಳನೆಯದು ವ್ಯಂಗ್ಯ. ಹೊಗಳಿದಂತೆ ಮಾಡಿ ತೆಗಳುವುದು, ತೆಗಳಿದಂತೆ ಮಾಡಿ ಹೊಗಳುವುದು. ನಮ್ಮ ಕೈಲಾಸಂ ನಾಟಕಗಳಲ್ಲಿ ಪಾತ್ರಗಳು ಗಂಭೀರವಾಗಿಯೇ ಮಾತಾಡುತ್ತವೆ, ಸಭೆಗೆ ಸಭೆಯೇ ನಗುತ್ತದೆ. ವ್ಯಂಗ್ಯದ ಶಕ್ತಿ ಎಲ್ಲಿದೆಯೆಂದರೆ, ಅರ್ಧ ಅರ್ಥವನ್ನು ಬರೆದವನು ಕೊಡುತ್ತಾನೆ, ಉಳಿದರ್ಧವನ್ನು ಓದುಗನೇ ಹುಡುಕಿಕೊಳ್ಳುತ್ತಾನೆ. ತಾನೇ ಹುಡುಕಿದ್ದನ್ನು ಯಾರೂ ಬೇಗ ಬಿಟ್ಟುಕೊಡುವುದಿಲ್ಲ. ಅದರ ಮಿತಿಯೂ ಅಲ್ಲಿಯೇ ಇದೆ. ಸಂದರ್ಭ ಗೊತ್ತಿಲ್ಲದವನಿಗೆ ವ್ಯಂಗ್ಯ ನಿಜವಾದ ಹೊಗಳಿಕೆಯಾಗಿಯೇ ಕೇಳಿಸುತ್ತದೆ. ಕರಪತ್ರ ಬರೆಯುವವರು ಇದನ್ನು ನೆನಪಿಡಬೇಕು.

ಇಷ್ಟು ಹೊತ್ತು ಎದುರಿನವರ ಮಾತನ್ನು ಅಳೆದೆವು. ಈಗ ನಮ್ಮ ಮಾತನ್ನೂ ಅಳೆಯೋಣ. ನಮ್ಮ ವೇದಿಕೆಗಳಲ್ಲಿಯೂ ಅಲಂಕಾರಕ್ಕೇನೂ ಬರವಿಲ್ಲ. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯನ್ನು ತೆಗೆದುಕೊಳ್ಳಿ. ಎರಡೇ ಶಬ್ದ, ‘ಏ’ ಎಂಬ ಒಂದು ಅಕ್ಷರದ ಒತ್ತು. ಆ ಒತ್ತಿನಲ್ಲಿಯೇ ಇಡೀ ವಾದ ನಿಂತಿದೆ. ಇದು ಸರಿಯಾದ ಅಲಂಕಾರ, ಏಕೆಂದರೆ ಬಿಡಿಸಿ ನೋಡಿದರೂ ಅರ್ಥ ಚದುರುವುದಿಲ್ಲ. ಆದರೆ ಚಿಲ್ಲರೆ ವ್ಯಾಪಾರಿಯನ್ನು ‘ಜಿಗಣೆ’ ಎಂದು ಕೂಗುವ ಮಾತೂ ಅಲ್ಲಲ್ಲಿ ಕೇಳಿಬರುತ್ತದೆ. ಚಪ್ಪಾಳೆಯೂ ಬೀಳುತ್ತದೆ. ಸಮಾನಧರ್ಮ ಎಲ್ಲಿ ಎಂದು ಕೇಳಿರಿ. ಗಿರಣಿಗೆ ಬೀಗ ಬಿದ್ದ ಮೊದಲ ವಾರ ಕೆಲಸಗಾರನ ಮನೆಗೆ ಜೋಳ, ಎಣ್ಣೆ ಉದ್ರಿ ಕೊಡುವವನು ಯಾರು? ಕೆಲಸಗಾರನ ಕೈಯಲ್ಲಿ ಕೂಲಿಯಿಲ್ಲದಿದ್ದರೆ ಅಂಗಡಿಯವನ ಗಲ್ಲಾಪೆಟ್ಟಿಗೆಯೂ ಬರಿದು. ಒಂದೇ ಹಗ್ಗದ ಎರಡು ಎಳೆಗಳನ್ನು ಒಂದು ಕೆಟ್ಟ ರೂಪಕ ಬಿಚ್ಚಿಬಿಡುತ್ತದೆ. ತೂಕದಲ್ಲಿ ಮೋಸ ಮಾಡುವ ಅಂಗಡಿಯವನಿದ್ದರೆ ಅವನ ತೂಕದ ಮಾತಾಡಿ, ತಕ್ಕಡಿ ತೋರಿಸಿ. ಅವನನ್ನು ಹುಳು ಮಾಡಬೇಡಿ.

ಮನುಷ್ಯನನ್ನು ಹುಳುವೆನ್ನುವುದು ಬರೀ ಬೈಗುಳವಲ್ಲ. 1994ರಲ್ಲಿ ಆಫ್ರಿಕದ ರುವಾಂಡಾ ದೇಶದಲ್ಲಿ ಒಂದು ರೇಡಿಯೋ ಕೇಂದ್ರ ಟುಟ್ಸಿ ಜನರನ್ನು ಜಿರಲೆಗಳೆಂದು ದಿನವೂ ಕೂಗಿತು. ಕೆಲವೇ ತಿಂಗಳಲ್ಲಿ ಲಕ್ಷಾಂತರ ಜನರನ್ನು ನೆರೆಹೊರೆಯವರೇ ಕಡಿದು ಕೊಂದರು. ಕೊಂದದ್ದು ರೂಪಕವೊಂದೇ ಎನ್ನಲಾಗದು. ಅಧಿಕಾರದವರ ಸಂಚಿತ್ತು, ಆಯುಧವಿತ್ತು. ಆದರೆ ಜಿರಲೆಯನ್ನು ತುಳಿಯುವಾಗ ಯಾರ ಕೈಯೂ ನಡುಗುವುದಿಲ್ಲ ಎಂಬುದನ್ನು ಆ ರೇಡಿಯೋದವರು ಬಲ್ಲವರಾಗಿದ್ದರು. ಯಾವ ಜಾತಿಯನ್ನಾಗಲಿ, ಮತವನ್ನಾಗಲಿ, ಕಸುಬನ್ನಾಗಲಿ ಹುಳು, ಹಾವು, ರೋಗ ಎಂದು ಕರೆಯುವ ಬಾಯಿ ಯಾವ ಪಕ್ಷದ್ದಾದರೂ ಅಲ್ಲಿಯೇ ತಡೆಯಬೇಕು. ನಮ್ಮ ಪಕ್ಷದ್ದಾದರೆ ಮೊದಲು ತಡೆಯಬೇಕು.

ಕೊನೆಯದಾಗಿ ಕಾಗೋಡನ್ನು ನೆನೆಯೋಣ. 1951ರಲ್ಲಿ ಶಿವಮೊಗ್ಗ ಜಿಲ್ಲೆಯ ಆ ಹಳ್ಳಿಯಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಒಂದು ಮುಖ್ಯ ತಕರಾರು ಗೇಣಿ ಭತ್ತ ಅಳೆಯುವ ಕೊಳಗದ್ದು. ಕೊಳಗ ಎಂಬ ಹೆಸರು ಅದೇ, ಗಾತ್ರ ಬೇರೆ. ಹೆಸರನ್ನು ನಂಬಿ ತಲೆಮಾರುಗಳ ಕಾಲ ಅಳೆದುಕೊಟ್ಟ ಜನ ಒಂದು ದಿನ, ಈ ಕೊಳಗಕ್ಕೆ ಎಷ್ಟು ಸೇರು ಹಿಡಿಯುತ್ತದೆ ತೋರಿಸಿ ಎಂದು ಕೇಳಿದರು. ಆ ಒಂದು ಪ್ರಶ್ನೆ ಜಮೀನುದಾರಿಕೆಯ ಬುಡಕ್ಕೆ ಹೋಯಿತು. ಅದೇ ವರ್ಷ ಲೋಹಿಯಾ ಅವರೂ ಅಲ್ಲಿಗೆ ಬಂದು ಸೆರೆಯಾದರು.

ಮಾತೂ ಒಂದು ಕೊಳಗವೇ. ಅದನ್ನು ಅಳೆಯಲು ಐದು ಪ್ರಶ್ನೆ ಸಾಕು. ಒಂದು, ಯಾವುದನ್ನು ಯಾವುದಕ್ಕೆ ಹೋಲಿಸಿದ್ದಾರೆ, ಸಮಾನಧರ್ಮವೇನು? ಎರಡು, ಈ ಹೋಲಿಕೆಯ ನೆರಳಿನಲ್ಲಿ ಯಾವುದು ಮುಚ್ಚಿಹೋಗಿದೆ? ಮೂರು, ವಾಕ್ಯದಲ್ಲಿ ಮಾಡಿದವನ ಹೆಸರು ಇದೆಯೇ? ನಾಲ್ಕು, ಪ್ರಾಸ ತೆಗೆದು ಮನೆಮಾತಿನಲ್ಲಿ ಹೇಳಿದರೂ ಇದು ನಿಜವೇ? ಐದು, ಇದನ್ನು ನಂಬಿದರೆ ಲಾಭ ಯಾರಿಗೆ?

ಈ ಪ್ರಶ್ನೆಗಳಿಂದ ಕಾವ್ಯದ ಸವಿ ಕೆಡುತ್ತದೆಂದು ಹೆದರಬೇಡಿ. ನೇಯುವವನಿಗೆ ನೇಯ್ಗೆಯ ಗುಟ್ಟು ಗೊತ್ತಿದ್ದರೆ ಒಳ್ಳೆಯ ಸೀರೆಯನ್ನು ಕಂಡಾಗ ಅವನ ಸಂತೋಷ ಇಮ್ಮಡಿಯಾಗುತ್ತದೆ, ಕಡಿಮೆಯಾಗುವುದಿಲ್ಲ. ಕುಮಾರವ್ಯಾಸನನ್ನೂ ಶರಣರನ್ನೂ ಕನಕದಾಸರನ್ನೂ ಈ ಪ್ರಶ್ನೆ ಹಿಡಿದು ಓದಿರಿ, ಅವರು ಇನ್ನೂ ಎತ್ತರವಾಗಿ ಕಾಣುತ್ತಾರೆ.

ಮುಂದಿನ ರವಿವಾರ ಬರುವಾಗ ಪ್ರತಿಯೊಬ್ಬರೂ ಒಂದೊಂದು ಕಾಗದ ತನ್ನಿರಿ. ನೋಟೀಸಾಗಲಿ, ಜಾಹೀರಾತಾಗಲಿ, ಸಾಲದ ಕರಾರಾಗಲಿ, ನಮ್ಮ ಪಕ್ಷದ ಕರಪತ್ರವೇ ಆಗಲಿ. ಓದಲು ಬಾರದವರು ಓದಬಲ್ಲವರ ಪಕ್ಕ ಕೂರಲಿ. ಐದು ಪ್ರಶ್ನೆ ಹಾಕಿ ಒಂದೊಂದನ್ನೂ ಅಳೆಯೋಣ.